ಒಟೀಲಿಯಾ ಟೀಚರ ಶಾಲೆ ಗುಡ್ಡ ಹತ್ತಿದ್ದು

ಕುರಿಗೆ ಜಂತುಹುಳುವಿನ ಔಷಧಿ ಕುಡಿಸುವ ಮೊದಲು ಕುರಿಯನ್ನು ಹಿಡಿದು ಗಡಗಡ ಅಲುಗಾಡಿಸಬೇಕು ಎಂದು ಚಿಲೊಯೆ ದ್ವೀಪಸಮೂಹದ ಕಿಂಚೆಲ್ ದ್ವೀಪದ ಜನ ಬಹಳ ವರ್ಷ ನಂಬಿದ್ದರು. ಬಾಟಲಿಯ ಮೇಲೆ 'ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ' ಎಂದು ಅಚ್ಚಾಗಿತ್ತು, ಯಾರನ್ನು ಎಂದು ಬರೆದಿರಲಿಲ್ಲ. ಬಾಟಲಿ ಹೇಗೂ ದೋಣಿಯಲ್ಲಿ ಅಲುಗಾಡಿಕೊಂಡೇ ಬಂದಿರುತ್ತದೆ, ಮತ್ತೆ ಅದನ್ನು ಅಲುಗಾಡಿಸು ಎಂದು ಯಾವ ಬುದ್ಧಿವಂತ ಬರೆಯುತ್ತಾನೆ, ಆದ್ದರಿಂದ ಕುರಿಯನ್ನೇ ಇರಬೇಕು ಎಂದು ಯಾರೋ ಹಿರಿಯರು ತೀರ್ಮಾನ ಕೊಟ್ಟಿದ್ದರು. ಆ ಕುರಿಗಳ ಪಾಡು ದೇವರಿಗೇ ಪ್ರೀತಿ. ಇದನ್ನು ನಿಲ್ಲಿಸಿದವಳು ಅಲ್ಲಿನ ಶಾಲೆಯ ಟೀಚರ್ ಒಟೀಲಿಯಾ ಕಾರ್ಕಮೊ. ಅದೂ ಕುರಿಗಳ ಮೇಲಿನ ಕರುಣೆಯಿಂದಲ್ಲ, ಮೇಲಿನವರ ಆಜ್ಞೆಯಿಂದ.

ಒಟೀಲಿಯಾ ಕತೆ ಹೇಳುವ ಹೆಂಗಸು. ದಪ್ಪ ಮೈ, ಅದಕ್ಕಿಂತ ದಪ್ಪ ದನಿ. ಏಳು, ಎಂಟನೆಯ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಕಟ್ಟಿಗೆ ಒಲೆಯ ಮೇಲೆ ಕೆಟಲ್ ಇಟ್ಟು, ಮಾತೆ ಎಂಬ ಕಹಿ ಎಲೆಯ ಕಷಾಯ ಹೀರುತ್ತ ಕತೆ ಓದಿಸುತ್ತಿದ್ದಳು. ಒಟ್ಟು ಒಂಬತ್ತು ಮಕ್ಕಳು, ಎಲ್ಲ ಮೀಸೆ ಚಿಗುರುವ, ಮಾತಿಗೆ ಮಾತು ಬೆಳೆಸುವ ವಯಸ್ಸಿನವು. ಅವರಿಗೆ ಕತೆಯಲ್ಲಿ ರಾಜಕುಮಾರಿ ಸತ್ತರೂ ಒಂದೇ, ಬದುಕಿದರೂ ಒಂದೇ, ದೋಣಿ ಮುಳುಗಿದರೆ ಮಾತ್ರ ಕಿವಿ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ಮಾರ್ಚ್ ತಿಂಗಳಲ್ಲಿ ಜಿಲ್ಲಾ ಕಚೇರಿಯಿಂದ ಆಜ್ಞೆ ಬಂತು. ಇನ್ನು ಮೇಲೆ ಕತೆ ಸಾಕು, ಮಕ್ಕಳಿಗೆ ಮಾಹಿತಿ ಬರಹಗಳನ್ನೇ ಓದಿಸಿ ಅರ್ಥಗ್ರಹಣ ಕಲಿಸಬೇಕು. ಪುಸ್ತಕಗಳ ಪೆಟ್ಟಿಗೆ ಹಿಂದೆಯೇ ಬರುತ್ತದೆ ಎಂದಿತ್ತು. ಪೆಟ್ಟಿಗೆ ಬಂತು, ಒಳಗೆ ಒಂದು ತೆಳ್ಳಗಿನ ಶಿಕ್ಷಕರ ಕೈಪಿಡಿ ಮಾತ್ರ. ಪುಸ್ತಕ ಯಾವ ದ್ವೀಪದಲ್ಲಿ ಇಳಿಯಿತೋ, ಆ ಸಮುದ್ರಕ್ಕೇ ಗೊತ್ತು. ಕೈಪಿಡಿಯಲ್ಲಿ ಯಾವ ಬರಹ ಸಿಕ್ಕರೂ ಕೇಳಬೇಕಾದ ಪ್ರಶ್ನೆಗಳಿದ್ದವು: ಮುಖ್ಯ ವಿಷಯ ಏನು, ಏನನ್ನು ಹೇಳದೆ ಬಿಟ್ಟಿದ್ದಾರೆ, ಮತ್ತು ಇದನ್ನು ಯಾರಿಗಾಗಿ ಬರೆದಿದ್ದಾರೆ.

ಒಟೀಲಿಯಾ ಕೈ ಕಟ್ಟಿ ಕೂರುವವಳಲ್ಲ. ಮನೆಮನೆಗೆ ಹೋಗಿ ಅಚ್ಚಾದ ಕಾಗದ ಏನಿದ್ದರೂ ಕೊಡಿ ಎಂದಳು. ಆಲೂಗಡ್ಡೆಯ ಅಂಗಮಾರಿಗೆ ಹೊಡೆಯುವ ಪುಡಿಯ ಪೊಟ್ಟಣ, ದೋಣಿ ಮೋಟಾರಿನ ಕೈಪಿಡಿ, ಗ್ಯಾಸ್ ಸಿಲಿಂಡರಿನ ಎಚ್ಚರಿಕೆ ಚೀಟಿ, ಕುರಿ ಔಷಧಿಯ ಬಾಟಲಿ, ಎಲ್ಲ ಬಂತು. ಅಂಗಡಿಯಮ್ಮ ದೋನ್ಯಾ ಹೊವಿತಾ ತನ್ನ ಮೂಲವ್ಯಾಧಿ ಮುಲಾಮಿನ ಚೀಟಿಯನ್ನೂ ಕೊಟ್ಟಳು, 'ಯಾರದ್ದು ಅಂತ ಮಾತ್ರ ಹೇಳ್ಬೇಡಮ್ಮ' ಎಂದು ಕೇಳಿಕೊಂಡು. ತರಗತಿಯಲ್ಲಿ 'ಇದನ್ನು ಯಾರಿಗಾಗಿ ಬರೆದಿದ್ದಾರೆ' ಎಂಬ ಪ್ರಶ್ನೆ ಬಂದಾಗ ಒಂಬತ್ತು ಮಕ್ಕಳೂ ಒಟ್ಟಿಗೆ 'ದೋನ್ಯಾ ಹೊವಿತಾಗೆ' ಎಂದುಬಿಟ್ಟರು.

ಅಲುಗಾಡಿಸಬೇಕಾದದ್ದು ಬಾಟಲಿಯನ್ನೇ ಎಂದು ಮಕ್ಕಳು ಓದಿ ಹೇಳಿದ್ದರಿಂದ ಕುರಿಗಳಿಗೆ ನೆಮ್ಮದಿ ಬಂತು, ಊರಿಗೆ ಮಾತ್ರ ಅಲ್ಲಿಂದ ನೆಮ್ಮದಿ ಇಲ್ಲವಾಯಿತು. ಹುಡುಗರಲ್ಲಿ ಬೈರೊನ್ ಎಂಬ ಒಬ್ಬನಿದ್ದ, ಬಾಯಿಬಡುಕ. ಪ್ರಾರ್ಥನಾಮಂದಿರದ ಹಿರಿಯ ಒಂದು ಗಂಟೆ ಉಪದೇಶ ಕೊಟ್ಟು ಕೂತ ಕೂಡಲೇ ಎದ್ದು ನಿಂತು, 'ಮುಖ್ಯ ವಿಷಯ ಏನು ಸ್ವಾಮಿ?' ಎಂದು ಕೇಳಿದ. ದೋಣಿಯ ವೇಳಾಪಟ್ಟಿಯನ್ನು ಪಾಠಕ್ಕೆ ಇಟ್ಟ ದಿನ ಅವನೇ ಅದನ್ನು ತಿರುಗಿಸಿ ಕೊಟ್ಟ.

"ಟೀಚರ್, ಇದು ಆಗಲ್ಲ."

"ಯಾಕೋ?"

"ಎಂಟಕ್ಕೆ ದೋಣಿ ಬರುತ್ತೆ ಅಂತ ಬರ್ದಿದಾರೆ. ಇದು ಮಾಹಿತಿ ಅಲ್ಲ, ಕತೆ. ಕತೆ ಓದ್ಬಾರ್ದು ಅಂತ ಮೇಲಿನೋರೇ ಹೇಳಿದಾರೆ."

ಒಟೀಲಿಯಾ ನಗು ತಡೆದುಕೊಂಡು ವೇಳಾಪಟ್ಟಿಯನ್ನು ಕತೆಗಳ ಕಪಾಟಿಗೆ ಸೇರಿಸಿದಳು. ಒಳಗೊಳಗೆ ಅವಳಿಗೆ ಹಿಗ್ಗು. ಮಕ್ಕಳು ಓದುತ್ತಿದ್ದರು, ಜಗಳವಾಡಿಕೊಂಡು ಓದುತ್ತಿದ್ದರು. ಯಾಸ್ನಾ ಎಂಬ ಒಬ್ಬಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವವಳು, ಬರೆ ಎಂದರೆ ಏನೂ ಬರೆಯದವಳು.

ಜೂನ್ ತಿಂಗಳಲ್ಲಿ ಪರೀಕ್ಷೆ ಬಂತು, ಕಚೇರಿಯಿಂದ ಮೊಹರು ಹಾಕಿದ ಕಟ್ಟಿನಲ್ಲಿ. ಬರಹದ ಹೆಸರು 'ಮನೆ ಬದಲಾಯಿಸುವವರಿಗೆ ಉಪಯುಕ್ತ ಸಲಹೆಗಳು'. ರಟ್ಟಿನ ಪೆಟ್ಟಿಗೆಗಳನ್ನು ಮೊದಲೇ ಕೂಡಿಸಿಕೊಳ್ಳಿ, ಗಾಜಿನ ಲೋಟಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಯಾವ ಕೋಣೆಯದ್ದು ಎಂದು ಬರೆಯಿರಿ, ಕೊನೆಗೆ ಏನೂ ಮರೆತಿಲ್ಲವೆಂದು ನೋಡಿಕೊಂಡು ಬೀಗ ಹಾಕಿ ಹೊರಡಿ. ಅದರ ಕೆಳಗೆ ಪ್ರಶ್ನೆ: ಎಲ್ಲವನ್ನೂ ಸಾಗಿಸಿದ ಮೇಲೆ ಹಿಂದೆ ಉಳಿಯುವುದೇನು?

ಈಗ ನೀವೇ ಹೇಳಿ. ಚಿಲೊಯೆಯ ದ್ವೀಪಗಳಲ್ಲಿ ಒಬ್ಬ ಮನುಷ್ಯ ಈ ಕೊಲ್ಲಿಯಿಂದ ಆ ಕೊಲ್ಲಿಗೆ ಹೋಗಿ ನೆಲೆಸಬೇಕಾದರೆ ಮನೆಯನ್ನು ಬಿಟ್ಟು ಹೋಗುತ್ತಾನೆಯೇ? ಅದು ಅವನಪ್ಪ ಮರ ಕಡಿದು ಕಟ್ಟಿದ ಮನೆ. ಮನೆಯ ಅಡಿಯಲ್ಲಿ ದಿಮ್ಮಿ ಕೊಟ್ಟು, ಎತ್ತಿನ ಜೋಡಿಗಳನ್ನು ಹೂಡಿ, ಊರವರೆಲ್ಲ ಸೇರಿ ಎಳೆದುಕೊಂಡು ಹೋಗುತ್ತಾರೆ. ನಡುವೆ ಸಮುದ್ರ ಸಿಕ್ಕರೆ ತೇಲಿಸಿಕೊಂಡು ಹೋಗುತ್ತಾರೆ. ಇದಕ್ಕೆ ಅಲ್ಲಿ ಮಿಂಗಾ ಎನ್ನುತ್ತಾರೆ, ಮುಯ್ಯಾಳಿನ ಕೆಲಸ. ಇವತ್ತು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಲೋಟಗಳು ಗೂಡಿನಲ್ಲಿ ಇದ್ದ ಹಾಗೆಯೇ ಇದ್ದು ಹೊಸ ಜಾಗ ಸೇರಿದ್ದೂ ಉಂಟು.

ಎಂಟು ಮಕ್ಕಳು ಒಂದೇ ಉತ್ತರ ಬರೆದರು: 'ಹುಲ್ಲು ಬೆಳೆಯದ ಒಂದು ಚೌಕ.' ಬೈರೊನ್ ಅದರ ಜೊತೆಗೆ, ಬರೆದವನಿಗೆ ತಲೆ ಸರಿಯಿಲ್ಲ ಎಂದೂ ಸೇರಿಸಿದ್ದ. ಕಚೇರಿಯ ಸರಿಯುತ್ತರ 'ಖಾಲಿ ಮನೆ'. ಅದೊಂದು ತಪ್ಪಿದ್ದಕ್ಕೆ ಅದನ್ನೇ ನೆಚ್ಚಿಕೊಂಡಿದ್ದ ಮುಂದಿನ ಪ್ರಶ್ನೆಗಳೆಲ್ಲ ತಪ್ಪಿದವು. ಯಾಸ್ನಾಳ ಹಾಳೆ ಪೂರ್ತಿ ಬಿಳಿ.

"ಯಾಕೆ ಮಗಾ ಬರೀಲಿಲ್ಲ?" ಎಂದು ಒಟೀಲಿಯಾ ಕೇಳಿದಳು.

"ಯಾರಿಗೆ ಅಂತ ಬರ್ದಿದಾರೋ ಗೊತ್ತಾಗ್ಲಿಲ್ಲ ಟೀಚರ್. ಅದು ಗೊತ್ತಾಗ್ದೆ ಹೆಂಗೆ ಬರೀಲಿ?"

ಆಗಸ್ಟಿನಲ್ಲಿ ಸುತ್ತೋಲೆ ಬಂತು. ಫಲಿತಾಂಶ ಕಡಿಮೆ ಬಂದ ಶಾಲೆಯಿಂದ ನಾಲ್ಕು ಕಿಲೋಮೀಟರಿನ ಒಳಗೆ ಇನ್ನೊಂದು ಶಾಲೆ ಇದ್ದರೆ, ಏಳು ಮತ್ತು ಎಂಟನೆಯ ತರಗತಿಗಳನ್ನು ಮುಚ್ಚಿ ಮಕ್ಕಳನ್ನು ಅಲ್ಲಿಗೆ ಕಳಿಸಬೇಕು. ಆ ಇನ್ನೊಂದು ಶಾಲೆ ಇದ್ದದ್ದು ಎರಡು ದ್ವೀಪಗಳ ನಡುವಿನ ಕಡಲ ಕಾಲುವೆಯ ಆಚೆ ದಡದಲ್ಲಿ. ನಕ್ಷೆಯ ಮೇಲೆ ರೂಲುದೊಣ್ಣೆ ಇಟ್ಟು ಅಳೆದವರಿಗೆ ನಡುವಿನ ನೀಲಿ ಬಣ್ಣ ಏನೆಂದು ಹೊಳೆದಿರಲಿಲ್ಲ. ಚಳಿಗಾಲದಲ್ಲಿ ಆ ನೀರನ್ನು ದಿನಾ ದಾಟುವುದು ಉಂಟೇ? ಮಕ್ಕಳು ಅಲ್ಲೇ ಹಾಸ್ಟೆಲಿನಲ್ಲಿ ಇರಬೇಕು.

ಒಟೀಲಿಯಾ ಸುತ್ತೋಲೆಯನ್ನು ಮಡಚಿ ಮೇಜಿನೊಳಗೆ ತುರುಕಿದಳು. ಅವಳೂ ಹನ್ನೆರಡನೆಯ ವರ್ಷಕ್ಕೆ ಹಾಸ್ಟೆಲಿಗೆ ಹೋದವಳೇ. ಸಾಲು ಮಂಚ, ಸಾಲು ಅಳು. ಬೆಳಿಗ್ಗೆ ಮೇಲ್ವಿಚಾರಕಿ ದಿಂಬುಗಳನ್ನು ಮುಟ್ಟಿ ನೋಡಿ, 'ದ್ವೀಪದ ಹುಡುಗೀರ ದಿಂಬು ಒಣಗೋದೇ ಇಲ್ಲ' ಎಂದು ಎಲ್ಲರ ಎದುರು ನಗುತ್ತಿದ್ದಳು. ಆ ನಗು ಒಟೀಲಿಯಾಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ತನ್ನ ಒಂಬತ್ತು ಮಕ್ಕಳು ಆ ಮಂಚಗಳ ಮೇಲೆ ಮಲಗಬಾರದು, ಅಷ್ಟೇ ಅವಳಿಗೆ ಬೇಕಿದ್ದದ್ದು. ಬೇರೆ ಏನೂ ಬೇಡ.

ಕಚೇರಿಗೆ ಪತ್ರ ಬರೆದು ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಮಾಡಲು ಬೇರೇನೂ ತೋಚದೆ ಆ ಸುತ್ತೋಲೆಯನ್ನೇ ಮಕ್ಕಳ ಮುಂದಿಟ್ಟಳು.

"ಇದೂ ಮಾಹಿತಿ ಬರಹವೇ. ಓದಿ. ಏನನ್ನು ಹೇಳದೆ ಬಿಟ್ಟಿದ್ದಾರೆ?"

"ನೀರು ಇದೆ ಅಂತ ಹೇಳಿಲ್ಲ," ಎಂದಳು ಒಬ್ಬಳು.

"ನಮ್ಮನ್ನ ಕೇಳಿಲ್ಲ," ಎಂದ ಇನ್ನೊಬ್ಬ.

ಬೈರೊನ್ ಬೆರಳಿಟ್ಟು ಸಾಲುಸಾಲಾಗಿ ಇಳಿದ. "ಟೀಚರ್, ಇಲ್ಲಿ ನೋಡಿ. ದೂರವನ್ನ ಶಾಲೆ ಬಾಗಿಲಿಂದ ಶಾಲೆ ಬಾಗಿಲಿಗೆ ಅಳೀಬೇಕು ಅಂತಿದೆ. ನಮ್ದು ನಾಲ್ಕಕ್ಕೆ ಚೂರೇ ಚೂರು ಕಮ್ಮಿ ಇದೆ. ಬಾಗಿಲು ಇಲ್ಲೇ ಇರ್ಬೇಕು ಅಂತ ಎಲ್ಲೂ ಹೇಳಿಲ್ವಲ್ಲ?"

ಒಟೀಲಿಯಾ ಸುತ್ತೋಲೆಯನ್ನು ಕಿತ್ತುಕೊಂಡು ಹಿಂದೆ ಮುಂದೆ ಓದಿದಳು. ಎಲ್ಲೂ ಹೇಳಿರಲಿಲ್ಲ. ಮೇಲಿನ ಗುಡ್ಡದ ಹುಲ್ಲುಗಾವಲಿಗೆ ಶಾಲೆಯನ್ನು ಒಯ್ದರೆ ದೂರ ನಾಲ್ಕು ಕಿಲೋಮೀಟರ್ ಮೀರುತ್ತಿತ್ತು. ಹುಡುಗನ ತಲೆಗೆ ಒಂದು ಮೊಟಕಿ, ಆಮೇಲೆ ಅದೇ ತಲೆಯನ್ನು ಎದೆಗೆ ಒತ್ತಿಕೊಂಡಳು.

ಮಿಂಗಾ ಬೇಕಾದವರು ಸ್ವತಃ ಪ್ರತಿ ಮನೆಗೆ ಹೋಗಿ ಬೇಡಿಕೊಳ್ಳಬೇಕು. ಹೇಳಿ ಕಳಿಸಿದರೆ ಆಗುವುದಿಲ್ಲ, ಬೇಡಿದರೆ ಯಾರೂ ಇಲ್ಲ ಎನ್ನುವುದೂ ಇಲ್ಲ. ಎತ್ತುಗಳ ಯಜಮಾನ ದೋನ್ ರುದೆಸಿಂದೊ ಅವಳನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡೇ ಕೇಳಿದ.

"ಸರ್ಕಾರದ ಕಟ್ಟಡ ಕಣಮ್ಮ. ಎಳೆದ್ರೆ ಜೈಲಿಗೆ ಹಾಕಲ್ವಾ?"

"ಎಳೀಬಾರ್ದು ಅಂತ ಬರ್ದಿಲ್ಲ ದೋನ್ ರುದೆಸಿಂದೊ. ನಿಮ್ಮನ್ನ ಬೇಡಿಕೊಳ್ಳೋಕೆ ಬಂದಿದೀನಿ."

"ಬೇಡ್ಕೊಂಡ ಮೇಲೆ ಮುಗೀತಲ್ಲ. ಕುರಿ ಅಲುಗಾಡ್ಸೋದು ನಿಲ್ಲಿಸ್ದೆ, ಈಗ ಶಾಲೆ ಅಲುಗಾಡಿಸ್ತೀಯ. ನಿನ್ನ ಓದು ಚೆನ್ನಾಗಿದೆ."

ಮಳೆ ಬಿಟ್ಟ ಒಂದು ಶನಿವಾರ ಬೆಳಿಗ್ಗೆ ಎತ್ತಿನ ಜೋಡಿಗಳು ಬಂದವು. ಕಿಟಕಿಯ ಗಾಜುಗಳನ್ನು ಬಿಚ್ಚಿ, ಒಲೆಯನ್ನು ಇಳಿಸಿ, ಗೋಡೆಗಳಿಗೆ ಅಡ್ಡಮರ ಬಡಿದು, ಮಕ್ಕಳ ಬೆಂಚುಗಳನ್ನು ಅಂಗಳಕ್ಕೆ ಹಾಕಿದರು. ರುದೆಸಿಂದೊ ಕೋಲು ಎತ್ತಿದ. ಎತ್ತುಗಳು ಕುತ್ತಿಗೆ ತಗ್ಗಿಸಿದವು, ಹಲಗೆಗಳೆಲ್ಲ ಕಿರ್ರೆಂದವು, ಶಾಲೆ ಕದಲಿತು. ಕದಲಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ, ಆ ದಿನವೇ ಆಗಬೇಕೇ, ದೋಣಿಯ ಸಿಳ್ಳೆ ಕೇಳಿತು. ಅದರಿಂದ ಇಳಿದವನು ಜಿಲ್ಲಾ ಕಚೇರಿಯ ಶ್ರೀಮಾನ್ ಇತುರ್ರಾ. ತೆಳ್ಳಗೆ, ಬೆಳ್ಳಗೆ, ಕಂಕುಳಲ್ಲಿ ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಅಡುಗೆಮನೆ, ಗಾಜು, ಹುಷಾರು' ಎಂದು ಬರೆದಿತ್ತು.

ಅವನು ಶಾಲೆ ಇರಬೇಕಾದ ಜಾಗವನ್ನು ನೋಡಿದ. ಚೌಕಾಕಾರದ ಬೋಳು ನೆಲವಿತ್ತು. ತಲೆ ಎತ್ತಿದ. ಶಾಲೆ ಬೆನ್ನು ಹಾಕಿಕೊಂಡು ಗುಡ್ಡ ಹತ್ತುತ್ತಿತ್ತು.

"ಸ್ವಲ್ಪ ನಿಲ್ಲಿಸ್ತೀರಾ?" ಎಂದು ಓಡಿಬಂದು ಏದುಸಿರಿನಲ್ಲಿ ಕೇಳಿದ.

"ಏರಲ್ಲಿ ನಿಲ್ಸೋಕಾಗಲ್ಲ ಸ್ವಾಮಿ. ನಿಲ್ಲಿಸಿದ್ರೆ ಹಿಂದಕ್ಕೆ ಜಾರಿ ನಿಮ್ಮ ಮೇಲೇ ಬರುತ್ತೆ," ಎಂದ ರುದೆಸಿಂದೊ.

ಇತುರ್ರಾ ಪಕ್ಕಕ್ಕೆ ಸರಿದು, ನಡೆಯುತ್ತಲೇ ಒಟೀಲಿಯಾಗೆ ವಿಷಯ ತಿಳಿಸಿದ. ಮುಚ್ಚುವ ಮೊದಲು ಎರಡನೆಯ ಪರೀಕ್ಷೆ ಕೊಡುವುದು ನಿಯಮ, ಒಬ್ಬರೂ ಬಿಡದೆ ಎಲ್ಲರೂ ಪಾಸಾದರೆ ಮುಚ್ಚುವಂತಿಲ್ಲ. ಪ್ರಶ್ನೆಪತ್ರಿಕೆ ಈ ಪೆಟ್ಟಿಗೆಯಲ್ಲೇ ಇದೆ, ಇವತ್ತೇ ಆಗಬೇಕು, ಗಾಳಿ ತಿರುಗುವ ಮೊದಲು ದೋಣಿ ಹೊರಡುತ್ತದೆ. ಪರೀಕ್ಷೆ ಶಾಲೆಯ ಕಟ್ಟಡದೊಳಗೇ ನಡೆಯಬೇಕು, ಮಕ್ಕಳು ಬೆಂಚಿನ ಮೇಲೆ ಕುಳಿತಿರಬೇಕು.

"ಕಟ್ಟಡ ನಿಂತಿರಬೇಕು ಅಂತ ಇದೆಯಾ ಸರ್?" ಎಂದು ಬೈರೊನ್ ಕೇಳಿದ.

ಇತುರ್ರಾ ನಿಯಮ ತೆಗೆದು ನೋಡಿದ. ಇರಲಿಲ್ಲ.

ಹೀಗೆ ಕಿಂಚೆಲ್ ಶಾಲೆಯ ಎರಡನೆಯ ಪರೀಕ್ಷೆ ಗುಡ್ಡದ ಏರಿನಲ್ಲಿ ಶುರುವಾಯಿತು. ಗಂಡಸರು ಬೆಂಚುಗಳನ್ನು ಹೊತ್ತು ಓಡುತ್ತ ಬಾಗಿಲಲ್ಲಿ ತುರುಕಿದರು, ಮಕ್ಕಳು ಹಾರಿ ಒಳಗೆ ಹತ್ತಿದರು, ಇತುರ್ರಾನನ್ನು ಇಬ್ಬರು ರಟ್ಟೆ ಹಿಡಿದು ಎತ್ತಿ ಹಾಕಿದರು. ಒಟೀಲಿಯಾ ತನ್ನ ಭಾರಕ್ಕೆ ಹೆದರಿ ಹೊರಗೇ ಉಳಿದು, ಕಿಟಕಿಯ ಬದಿಯಲ್ಲಿ ಏದುತ್ತ ನಡೆದಳು. ಕೋಣೆ ಬಲಕ್ಕೆ ವಾಲಿದಾಗ ಬೆಂಚುಗಳೆಲ್ಲ ಬಲಕ್ಕೆ ಬಂದವು, ಎಡಕ್ಕೆ ವಾಲಿದಾಗ ಎಡಕ್ಕೆ. ಗಾಜಿಲ್ಲದ ಕಿಟಕಿಗಳಿಂದ ಗಾಳಿ ನುಗ್ಗಿತು, ಮಕ್ಕಳು ಒಂದು ಹಾಳೆಯ ಮೇಲೆ ಬರೆಯುತ್ತ ಉಳಿದದ್ದರ ಮೇಲೆ ಕುಳಿತರು. ಇತುರ್ರಾ ಬಾಗಿಲುವಾಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ಮಾತಾಡ್ಬೇಡಿ, ಪಕ್ಕದವರ ಹಾಳೆ ನೋಡ್ಬೇಡಿ," ಎನ್ನುತ್ತಿದ್ದ. ಹೊರಗೆ ಊರಿಗೆ ಊರೇ ಬೊಬ್ಬೆ ಹೊಡೆಯುತ್ತಿತ್ತು.

ಬರಹ ಮತ್ತೆ ಅದೇ. ಕಚೇರಿಯಲ್ಲಿ ಬೇರೆ ಇರಲಿಲ್ಲ. 'ಮನೆ ಬದಲಾಯಿಸುವವರಿಗೆ ಉಪಯುಕ್ತ ಸಲಹೆಗಳು'.

ಜೂನಿನ ಫಲಿತಾಂಶ ಬಂದ ಮೇಲೆ ಒಟೀಲಿಯಾ ಮಕ್ಕಳಿಗೆ ಬುದ್ಧಿ ಹೇಳಿದ್ದಳು. ನಿಮಗೆ ಗೊತ್ತಿರುವುದು ಬೇಡ, ಬರಹ ಏನು ಹೇಳುತ್ತದೋ ಅದನ್ನು ಬರೆಯಿರಿ. ಈಗ ಕಿಟಕಿಯಿಂದ ನೋಡಿದರೆ, ಹಿಂದೆ ಉಳಿಯುವುದೇನು ಎಂಬ ಪ್ರಶ್ನೆಗೆ, ಎಳೆಯಲ್ಪಡುತ್ತಿರುವ ಮನೆಯೊಳಗೆ ಕುಳಿತು ಮಕ್ಕಳು ಹಲ್ಲು ಕಚ್ಚಿಕೊಂಡು 'ಖಾಲಿ ಮನೆ' ಎಂದು ಬರೆಯುತ್ತಿದ್ದರು. ಬೈರೊನನ ಮುಖ ಬೇವು ಕುಡಿದವನ ಹಾಗಿತ್ತು. ಸುಳ್ಳು ಬರೆಸುತ್ತಿದ್ದೇನೆ ಎಂದು ಒಟೀಲಿಯಾಗೆ ನಾಚಿಕೆಯಾಯಿತು. ದಿಂಬುಗಳು ನೆನಪಾದವು, ನಾಚಿಕೆ ಹೋಯಿತು.

ಯಾಸ್ನಾ ಮಾತ್ರ ಕಾಗದವನ್ನು ಮೂಗಿಗೆ ಹಿಡಿದು ಕೂತಿದ್ದಳು. ಒಮ್ಮೆ ಹೊರಗೆ ಹಗ್ಗ ಹಿಡಿದ ಜನರನ್ನು ನೋಡಿದಳು. ಒಮ್ಮೆ ಇತುರ್ರಾನ ಕಾಲ ಬಳಿ ಅತ್ತಿತ್ತ ಜಾರುತ್ತಿದ್ದ ರಟ್ಟಿನ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಬಗ್ಗಿ ಬರೆಯತೊಡಗಿದಳು.

ಏರು ತುಸು ಸಡಿಲವಾದ ಜಾಗದಲ್ಲಿ ಇತುರ್ರಾ ಹಾಳೆಗಳನ್ನು ಕೂಡಿಸಿ, ನೆಲದ ಮೇಲೆ ಕಾಲು ಚಾಚಿ ಕುಳಿತು ಅಲ್ಲೇ ತಿದ್ದಿದ. ಒಂದಾದ ಮೇಲೊಂದು ಸರಿ ಗುರುತು ಬಿತ್ತು. ಕೊನೆಗೆ ಯಾಸ್ನಾಳದ್ದು. ಅದರ ಕಡೆಯ ಪ್ರಶ್ನೆಗೆ ಬಂದವನು ಪೆನ್ನು ಎತ್ತಿ ಹಾಗೆಯೇ ಹಿಡಿದುಕೊಂಡ. ಪ್ರಶ್ನೆ: ಈ ಬರಹ ಯಾರಿಗಾಗಿ? ಸರಿಯುತ್ತರ: ಸಾರ್ವಜನಿಕರಿಗಾಗಿ. ಯಾಸ್ನಾ ಬರೆದಿದ್ದಳು: 'ಬೇಡಿಕೊಂಡರೆ ಬರುವವರು ಯಾರೂ ಇಲ್ಲದವರಿಗಾಗಿ. ಅವರಿಗೆ ಮಾತ್ರ ಪೆಟ್ಟಿಗೆ ಬೇಕಾಗುತ್ತದೆ. ಬರೆದವರಿಗೂ ಯಾರೂ ಇರಲಿಲ್ಲ ಅನಿಸುತ್ತದೆ, ಯಾಕೆಂದರೆ ಎಷ್ಟೊಂದು ಸಲಹೆ ಇದ್ದರೂ ಯಾರನ್ನಾದರೂ ಕರೆಯಿರಿ ಎಂದು ಒಂದು ಕಡೆಯೂ ಹೇಳಿಲ್ಲ.'

"ಇದನ್ನ ಬರ್ದಿದ್ದು ಯಾರು?"

ಯಾಸ್ನಾ ಎದ್ದು ನಿಂತಳು, ಬೆಂಚು ಹಿಡಿದುಕೊಂಡು. ಒಟೀಲಿಯಾ ಕಿಟಕಿಯ ಚೌಕಟ್ಟು ಹಿಡಿದುಕೊಂಡೇ ಹೆಜ್ಜೆ ಹಾಕಿದಳು. ಒಬ್ಬಳು ಫೇಲಾದರೂ ತರಗತಿ ಹೋಯಿತು.

"ಬರಹ ನನ್ನದೇ," ಎಂದ ಇತುರ್ರಾ. "ಹೋದ ವರ್ಷ ಮನೆ ಬದಲಾಯಿಸ್ದೆ. ಆಗ ಬರ್ದಿದ್ದು."

"ಯಾರೂ ಬರ್ಲಿಲ್ವಾ ಸರ್?"

ಅವನು ಜಾರಿಬಂದ ಪೆಟ್ಟಿಗೆಯನ್ನು ಕಾಲಲ್ಲಿ ತಡೆದ. "ಲಾರಿ ಬಂತು," ಎಂದ.

ಯಾರೂ ನಗಲಿಲ್ಲ, ಬೈರೊನ್ ಕೂಡ. ಇತುರ್ರಾ ಆ ಉತ್ತರದ ಎದುರು ಸರಿ ಗುರುತು ಹಾಕಿದ. ಮೊದಲು ಬಿದ್ದದ್ದು ಕಟ್ಟಡದ ಕುಲುಕಿಗೆ ಸೊಟ್ಟಗಾಗಿತ್ತು, ಅದರ ಮೇಲೆಯೇ ಇನ್ನೊಂದು ಎಳೆದ.

"ಎಲ್ಲರೂ ಪಾಸು," ಎಂದು ಕಿಟಕಿಯ ಕಡೆ ತಿರುಗಿ ಹೇಳಿದ. "ತರಗತಿ ಉಳೀತು ಮೇಡಂ."

ಒಟೀಲಿಯಾ ನಡೆಯುತ್ತ ನಡೆಯುತ್ತ ಅಳತೊಡಗಿದಳು. ಅವಳ ಅಳುವೂ ದಪ್ಪ, ಎತ್ತುಗಳು ಕಿವಿ ನಿಮಿರಿಸಿದವು.

"ಏನಂತೆ?" ಎಂದು ಮುಂದಿನಿಂದ ರುದೆಸಿಂದೊ ಕೂಗಿದ.

"ಪಾಸಂತೆ! ತರಗತಿ ಮುಚ್ಚಲ್ವಂತೆ!"

"ಹಂಗಾದ್ರೆ ಇದನ್ನ ಎಳೆದಿದ್ದು ದಂಡನಾ?"

"ಎಳೀದಿದ್ರೆ ಪಾಸಾಗ್ತಿರ್ಲಿಲ್ಲ ದೋನ್ ರುದೆಸಿಂದೊ. ಸುಮ್ನೆ ನಡೀರಿ."

ಕೊನೆಯ ಏರಿನಲ್ಲಿ ಎತ್ತುಗಳು ಸೋತವು. ಹಗ್ಗಕ್ಕೆ ಕೈ ಬೇಕೆಂದು ಕೂಗು ಬಿತ್ತು. ಮಕ್ಕಳು ಧುಮುಕಿದರು, ಅವರ ಹಿಂದೆ ಇತುರ್ರಾನೂ ಇಳಿದ. ಹಗ್ಗ ಹಿಡಿಯುವುದು ಹೇಗೆಂದು ಯಾಸ್ನಾ ತೋರಿಸಿಕೊಟ್ಟಳು. ಶಾಲೆ ಗುಡ್ಡದ ಹುಲ್ಲುಗಾವಲಿಗೆ ಬಂದು, ಸಮುದ್ರದ ಕಡೆ ಮುಖ ಮಾಡಿ ನಿಂತಿತು.

ಹಗ್ಗ ಮುಟ್ಟಿದ ಕೈ ಉಣ್ಣದೆ ಹೋಗಬಾರದು. ದೋನ್ಯಾ ಹೊವಿತಾ ಬೆಳಿಗ್ಗೆಯೇ ಗುಂಡಿ ತೋಡಿಸಿ, ಕಾದ ಕಲ್ಲಿನ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಹರಡಿ, ದೊಡ್ಡ ಎಲೆ ಮುಚ್ಚಿ ಕುರಾಂತೊ ಬೇಯಿಸಿದ್ದಳು. ದೋಣಿಯವನೂ ಗಾಳಿಯನ್ನು ಮರೆತು ಬಂದು ಕೂತಿದ್ದ. ಹಗ್ಗಕ್ಕೆ ಅಂಗೈ ಸುಲಿದುಹೋದ ಇತುರ್ರಾ ರುದೆಸಿಂದೊನ ಪಕ್ಕದಲ್ಲಿ ತಟ್ಟೆ ಹಿಡಿದು ಕೂತು ಕೇಳಿದ.

"ಬೇಡ್ಕೊಳ್ಳೋದು ಹೆಂಗೆ?"

"ಬಾಗಿಲಿಗೆ ಬರ್ಬೇಕು. ಟೋಪಿ ತೆಗೀಬೇಕು. ನಿಮ್ಮನ್ನ ಬೇಡಿಕೊಳ್ಳೋಕೆ ಬಂದಿದೀನಿ ಅನ್ಬೇಕು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ನಿಮ್ಮ ಮನೆ ಎಲ್ಲಿದೆ?"

"ನಾಲ್ಕನೇ ಮಹಡಿ."

ರುದೆಸಿಂದೊ ಅಗಿಯುವುದನ್ನು ನಿಲ್ಲಿಸಿ ಎತ್ತುಗಳ ಕಡೆ ನೋಡಿದ, ಲೆಕ್ಕ ಹಾಕಿದ, ಮತ್ತೆ ಅಗಿದ. "ಕೆಳಗಿನೋರಿಗೂ ಒಂದು ಮಾತು ಹೇಳ್ಬೇಕಾಗುತ್ತೆ," ಎಂದ. "ಆದ್ರೆ ಬರ್ತೀವಿ."

ಇತುರ್ರಾ ತಲೆ ತಗ್ಗಿಸಿ ಆಲೂಗಡ್ಡೆ ಬಿಡಿಸತೊಡಗಿದ. ಒಟೀಲಿಯಾ ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು. ಮುಂದಿನ ಚಳಿಗಾಲ ಕಾಲುವೆಯಲ್ಲಿ ಬಿರುಗಾಳಿ ಎದ್ದು ದೋಣಿಯೇ ನಿಂತಿತು. ಕಿಂಚೆಲ್‌ನ ಮಕ್ಕಳು ತಮ್ಮ ತಮ್ಮ ಮನೆಗಳಲ್ಲೇ ಮಲಗಿದರು, ಅವರ ದಿಂಬುಗಳು ಒಣಗಿದ್ದವು.